ಬಯಲುಸೀಮೆಯ ಮನೆಯಲ್ಲೊಂದು ಹಾಯಿಹಡಗು

ಮಧುಗಿರಿಯ ಏಕಶಿಲಾ ಬೆಟ್ಟದ ನೆತ್ತಿಯೇರಿ ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದರೆ ಕಾಣುವುದು ಕಲ್ಲುಗುಡ್ಡಗಳು, ಕೆರೆಯಂಗಳಗಳು, ಹುಣಸೆಮರಗಳು, ಕಡಲೆಕಾಯಿ ಹೊಲಗಳು. ಸಮುದ್ರ ಮಾತ್ರ ಎಲ್ಲಿಯೂ ಕಾಣದು. ಮಂಗಳೂರಿನ ಕರಾವಳಿಗೆ ರಸ್ತೆಯ ದಾರಿಯಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಗಿಲು. ಕೊರಟಗೆರೆ, ಮಧುಗಿರಿಗಳನ್ನು ಹಾದುಹೋಗುವ ಜಯಮಂಗಲಿ ನದಿಯಲ್ಲಿ ನೀರಿಗಿಂತ ಮರಳನ್ನು ಕಂಡ ದಿನಗಳೇ ಹೆಚ್ಚು. ಇನ್ನು ಪಾವಗಡದ ಮಾತೇ ಬೇರೆ. ಅಲ್ಲಿ ಮಳೆಯನ್ನು ನಂಬಲಾಗದೆ ಬಿಸಿಲನ್ನೇ ಬೆಳೆಯಾಗಿಸಿ, ಸುಮಾರು 13,000 ಎಕರೆಯಲ್ಲಿ ಸೌರವಿದ್ಯುತ್ತಿನ ಫಲಕಗಳನ್ನು ಹಾಸಲಾಗಿದೆ. ಇಂಥ ಸೀಮೆಯಲ್ಲಿ ಕುಳಿತು ಇನ್ನೂರು ವರ್ಷ ಹಿಂದಿನ ಯುದ್ಧನೌಕೆಯೊಂದರ ಮಾದರಿಯನ್ನು ಕಟ್ಟುತ್ತೇನೆಂದು ನಾನು ಹೇಳಿದಾಗ ಮನೆಯವರು ನಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಮ್ಮ ಮಾತ್ರ ನಗಲಿಲ್ಲ. "ಹಡಗು ಕಟ್ಟೋದಾದ್ರೆ ಕಟ್ಟಪ್ಪ, ಬೇಡ ಅನ್ನಲ್ಲ. ಆದ್ರೆ ಯುದ್ಧದ ಹಡಗೇ ಯಾಕೆ? ಜಪಸರ ಮಾಡೋ ಮನೇಲಿ ತೋಪು ತುಂಬಿದ ಹಡಗು ಇಡ್ಬೇಕಾ?" ಎಂದು ಕೇಳಿದರು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಹಡಗು ಕಟ್ಟಿ ಮುಗಿಸಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ಉತ್ತರ ಸಿಕ್ಕಿದ್ದೂ ಅದರೊಂದಿಗೇ.

ಗೋದಲಿ ಕಟ್ಟಿದ ಕೈ

ಮಾದರಿ ಕಟ್ಟುವ ಕೆಲಸ ನಮ್ಮ ಕಥೋಲಿಕ ಕುಟುಂಬಗಳಿಗೆ ಹೊಸತಲ್ಲ. ಪ್ರತಿವರ್ಷ ಆಗಮನ ಕಾಲದಲ್ಲಿ ಹುಲ್ಲು, ಬಿದಿರು, ರಟ್ಟು, ಗೋಣಿತಾಟು ಹೊಂದಿಸಿ ನಾವೆಲ್ಲ ಗೋದಲಿ ಕಟ್ಟಿದವರೇ. ಒಂದು ದೊಡ್ಡ ಸಂಗತಿಯನ್ನು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗಿಸಿ, ಅದರ ಮುಂದೆ ಮನೆಮಂದಿಯೆಲ್ಲ ಒಟ್ಟಾಗಿ ಕುಳಿತುಕೊಳ್ಳುವುದು ನಮಗೆ ರೂಢಿಯಾದದ್ದು. ಹಡಗಿನ ಮಾದರಿಗೂ ಬೇಕಾದದ್ದು ಅದೇ ಕೈ, ಅದೇ ತಾಳ್ಮೆ. ವ್ಯತ್ಯಾಸವೊಂದೇ: ಗೋದಲಿಯಲ್ಲಿ ಕುರಿ ದನಕ್ಕಿಂತ ದೊಡ್ಡದಾದರೂ ಯಾರೂ ಆಕ್ಷೇಪಿಸುವುದಿಲ್ಲ, ಹಡಗಿನಲ್ಲಿ ಪ್ರತಿಯೊಂದು ಭಾಗವೂ ಅಳತೆಗೆ ಬದ್ಧವಾಗಿರಬೇಕು.

ಕಳೆದ ವರ್ಷದ ಪಾಸ್ಕ ಹಬ್ಬದ ಮರುವಾರ ಕೆಲಸ ಆರಂಭವಾಯಿತು. ನನಗೆ ಜೊತೆಯಾದವನು ತಂಗಿಯ ಮಗ. ಎಂಟನೆಯ ತರಗತಿಯ ಗಣಿತದಲ್ಲಿ ಎಡವಿ, ಮನಸ್ಸು ಮುದುಡಿಕೊಂಡು, ನಮ್ಮ ಮನೆಯಲ್ಲಿದ್ದು ಓದಲೆಂದು ಬಂದಿದ್ದ ಹುಡುಗ. ಮಾತು ಕಡಿಮೆ, ಲೆಕ್ಕವೆಂದರೆ ದೂರ ಸರಿಯುತ್ತಿದ್ದ.

ಯಾವ ಹಡಗು, ಯಾಕೆ?

ಕಡಲು ಕಾಣದ ನಮ್ಮ ಸೀಮೆಗೂ ಹಡಗುಗಳ ಚರಿತ್ರೆಗೂ ನಂಟಿಲ್ಲವೆಂದಲ್ಲ. 1761ರಲ್ಲಿ ಹೈದರಾಲಿಗೆ ಬಸಾಲತ್ ಜಂಗನಿಂದ ದೊರೆತ ಪದವಿ 'ಶಿರಾದ ನವಾಬ' ಎಂಬುದು. ಎರಡು ವರ್ಷಗಳ ತರುವಾಯ, 1763ರಲ್ಲಿ, ಬಿದನೂರನ್ನು ಗೆದ್ದು ಆತ ಮಂಗಳೂರಿನ ಕಡಲನ್ನು ಮುಟ್ಟಿದ. ಅಲ್ಲಿ ಹಡಗು ಕಟ್ಟಿಸಿದ. ಅವನ ಮಗ ಟಿಪ್ಪು 1796ರಲ್ಲಿ ದೊಡ್ಡವು 20, ಮಧ್ಯಮ ಗಾತ್ರದವು 20, ಹೀಗೆ 40 ಯುದ್ಧನೌಕೆಗಳ ಪಡೆಯೊಂದನ್ನು ಕಟ್ಟಲು ಆಜ್ಞೆ ಹೊರಡಿಸಿದ್ದುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಯೋಜನೆಯೂ ಅರ್ಧದಲ್ಲೇ ನಿಂತಿತು. ಕಣ್ಣಾರೆ ಕಂಡು ಅಳತೆ ಹಿಡಿಯಲು ಅಂದಿನ ಮೈಸೂರಿನ ಹಡಗು ಯಾವುದೂ ಉಳಿದಿಲ್ಲ.

ಆದರೆ ಅದೇ ಪಶ್ಚಿಮ ಕರಾವಳಿಯ ತೇಗದಿಂದ, ಭಾರತೀಯ ಕೈಗಳು ಕಟ್ಟಿದ ಯುದ್ಧನೌಕೆಯೊಂದು ಇಂದಿಗೂ ನೀರಿನ ಮೇಲೆ ತೇಲುತ್ತಿದೆ. ಅದರ ಹೆಸರು 'ಟ್ರಿಂಕೋಮಲಿ'. ಸಿಂಹಳದ್ವೀಪದ ಬಂದರಿನ ಹೆಸರು. ಅದು ಕಟ್ಟಲ್ಪಟ್ಟಿದ್ದು ಮುಂಬಯಿಯ ಹಡಗುಕಟ್ಟೆಯಲ್ಲಿ. ಕಟ್ಟಿಸಿದ ಪ್ರಧಾನ ಶಿಲ್ಪಿ ಪಾರ್ಸಿ ಸಮುದಾಯದ ಜಂಷೇಟ್‌ಜಿ ಬೊಮನ್‌ಜಿ ವಾಡಿಯಾ. ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು. ನೆಪೋಲಿಯನ್ನನ ಕಾಲದ ಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಆಗ ಬ್ರಿಟಿಷ್ ನೌಕಾಪಡೆಯ ಕಣ್ಣು ಮಲಬಾರಿನ ತೇಗದ ಮೇಲೆ ಬಿತ್ತು. ಓಕ್ ಮರದೊಳಗಿನ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದ ಎಣ್ಣೆಯಾದರೋ ಮೊಳೆಯನ್ನೂ ಕಾಯುತ್ತದೆ, ಮರವನ್ನೂ ಕಾಯುತ್ತದೆ. ನಮ್ಮ ಹಳೆಯ ಮನೆಗಳ ತೇಗದ ಬಾಗಿಲುಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈ ಹಡಗಿನ ಹುಟ್ಟೇ ಒಂದು ಕಥೆ. ಅದರ ನಕ್ಷೆಗಳನ್ನು ಹೊತ್ತು ಮುಂಬಯಿಗೆ ಹೊರಟಿದ್ದ 'ಜಾವಾ' ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ಹಡಗು ಸೋಲಿಸಿತು. ಜಾವಾ ಸುಟ್ಟುಹೋಯಿತು, ನಕ್ಷೆಗಳೂ ಅದರೊಂದಿಗೆ ಹೋದವು. ಮತ್ತೊಂದು ಪ್ರತಿಯನ್ನು ಬರೆಸಿ ಕಳುಹಿಸಬೇಕಾಯಿತು. ಕಡೆಗೆ 1816ರಲ್ಲಿ ಅಡಿಮರ ಇಟ್ಟಾಗ, ಪಾರ್ಸಿ ಸಂಪ್ರದಾಯದಂತೆ ವಾಡಿಯಾ ಅದಕ್ಕೆ ಬೆಳ್ಳಿಯ ಮೊಳೆಯೊಂದನ್ನು ಬಡಿದರು. ಮನೆಗೆ ಪಾಯ ಹಾಕುವಾಗ ಪ್ರಾರ್ಥಿಸುವ ನಮಗೆ ಆ ಮೊಳೆಯ ಹಿಂದಿನ ಮನಸ್ಸು ಅಪರಿಚಿತವೇನಲ್ಲ.

ತೊಂಬತ್ತಾರರ ಮಗ್ಗಿ

ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ. ಪಕ್ಕದಿಂದ ನೋಡಿದ್ದು ಒಂದು, ಮೇಲಿನಿಂದ ನೋಡಿದ್ದು ಒಂದು. ಮೂರನೆಯದು, ಸೌತೆಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ, ಹಡಗನ್ನು ಅಡ್ಡಲಾಗಿ ಕತ್ತರಿಸಿ ಒಂದೊಂದು ಕಡೆಯ ಆಕಾರವನ್ನು ತೋರಿಸುವಂಥದು. ಈ ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ಹಡಗಿನ ಒಡಲು ಮನಸ್ಸಿಗೆ ಬರುತ್ತದೆ.

ನಾವು ಹಿಡಿದ ಪ್ರಮಾಣ 96ಕ್ಕೆ 1. ಅಂದರೆ ಹಡಗಿನ ಎಂಟು ಅಡಿ ನಮ್ಮ ಮೇಜಿನ ಮೇಲೆ ಒಂದು ಅಂಗುಲ. ಟ್ರಿಂಕೋಮಲಿಯ ತೋಪಿನ ಅಟ್ಟದ ಉದ್ದ ಸುಮಾರು 150 ಅಡಿ. ಮಾದರಿಯಲ್ಲಿ ಅದು ಹದಿನೆಂಟು ಮುಕ್ಕಾಲು ಅಂಗುಲವಾಯಿತು. ಸುಮಾರು 40 ಅಡಿಯ ಅಗಲ ಐದು ಅಂಗುಲವಾಯಿತು. "ಹಾಗಾದ್ರೆ ಮನುಷ್ಯ ಎಷ್ಟೆತ್ತರ ಇರ್ತಾನೆ ಮಾವ?" ಎಂದು ಹುಡುಗ ಕೇಳಿದ. ಲೆಕ್ಕ ಹಾಕು ಎಂದೆ. ಐದೂವರೆ ಅಡಿಯ ಆಳು ಹದಿನೇಳೂವರೆ ಮಿಲಿಮೀಟರ್! ಬೆರಳ ತುದಿಯಷ್ಟು. ಆ ಲೆಕ್ಕ ಸರಿಯೆಂದು ತಿಳಿದ ದಿನ ಅವನು ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತೊಂಬತ್ತಾರರ ಮಗ್ಗಿಯನ್ನು ಬರೆದಿಟ್ಟುಕೊಂಡ. ಯಾರೂ ಹೇಳಿರಲಿಲ್ಲ.

ಒಡಲು ಕಟ್ಟುವ ಕ್ರಮ ಹೀಗೆ: ಪ್ಲೈವುಡ್ಡಿನಲ್ಲಿ ಹಡಗಿನ ಬೆನ್ನೆಲುಬನ್ನು ಉದ್ದಕ್ಕೆ ಕೊಯ್ದುಕೊಳ್ಳಬೇಕು. ಅಡ್ಡನೋಟದ ಆಕಾರಗಳನ್ನು ಒಂದೊಂದಾಗಿ ಕೊಯ್ದು, ಬೆನ್ನೆಲುಬಿನಲ್ಲಿ ಕೊರೆದ ಗಾಡಿಗಳಲ್ಲಿ ಪಕ್ಕೆಲುಬುಗಳಂತೆ ನೆಟ್ಟಗೆ ಸಿಕ್ಕಿಸಬೇಕು. ಮೂಲೆಮಟ್ಟ ಹಿಡಿದು ನೋಡದೆ ಅಂಟು ಹಾಕಬಾರದು. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ತೆಳುವಾದ ಪಟ್ಟಿಯೊಂದನ್ನು ಉದ್ದಕ್ಕೂ ಬಾಗಿಸಿ ಹಿಡಿದಾಗ ಅದು ಎಲ್ಲ ಪಕ್ಕೆಲುಬುಗಳನ್ನೂ ಮುಟ್ಟುವಂತಾಗಬೇಕು. ಅನಂತರವೇ ಹಲಗೆ ಹೊದಿಸುವ ಕೆಲಸ.

ನಮ್ಮ ಬೀದಿಯ ಬಡಗಿ ಆಚಾರ್ರು ಬಾಗಿಲು ಚೌಕಟ್ಟಿನಿಂದ ಉಳಿದ ತೇಗದ ತುಂಡುಗಳನ್ನು ಒಂದೂವರೆ ಮಿಲಿಮೀಟರ್ ದಪ್ಪದ ಪಟ್ಟಿಗಳಾಗಿ ಸೀಳಿಕೊಟ್ಟರು. ಬಿಸಿನೀರಿನಲ್ಲಿ ನೆನೆಸಿದರೆ ಅವು ಬಾಗುತ್ತವೆ.

ಬಾಳೆಕಾಯಿಯಂತಾದ ಒಡಲು

ಇಲ್ಲಿಯೇ ನಾನು ತಪ್ಪಿದೆ. ಕೆಲಸ ಬೇಗ ಸಾಗಲೆಂಬ ಆತುರದಲ್ಲಿ, ಶನಿವಾರ ಭಾನುವಾರ ಕುಳಿತು ಎಡಮಗ್ಗುಲಿಗೆ ಮಾತ್ರ ಹನ್ನೆರಡು ಪಟ್ಟಿಗಳನ್ನು ಒಂದರ ಮೇಲೊಂದರಂತೆ ಅಂಟಿಸಿಬಿಟ್ಟೆ. ಬುಧವಾರದ ಹೊತ್ತಿಗೆ ಹಸಿಪಟ್ಟಿಗಳು ಒಣಗಿ ಬಿಗಿದುಕೊಂಡು, ಇಡೀ ಒಡಲನ್ನು ಬಾಳೆಕಾಯಿಯಂತೆ ಎಡಕ್ಕೆ ಎಳೆದಿದ್ದವು. ಮೂತಿಯ ತುದಿಯಿಂದ ಹಿಂಬದಿಯ ತುದಿಗೆ ದಾರ ಹಿಡಿದರೆ ನಡುವೆ ನಾಲ್ಕು ಮಿಲಿಮೀಟರ್ ಸೊಟ್ಟ.

ಆಚಾರ್ರು ಬಂದು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡಿಗೆ ಒಂದೇ ಎತ್ತು ಕಟ್ಟಿದ್ರೆ ಗಾಡಿ ಎತ್ತ ಹೋಗುತ್ತೆ ಮೇಷ್ಟ್ರೇ? ಈ ಕಡೆ ಒಂದು ಪಟ್ಟಿ ಹಾಕಿದ್ರೆ ಆ ಕಡೇನೂ ಒಂದು ಹಾಕ್ಬೇಕು. ಎರಡೂ ಕಡೆ ಎಳ್ತ ಸಮ ಇದ್ರೆ ನಡುಮರ ನೆಟ್ಟಗೆ ನಿಲ್ಲುತ್ತೆ" ಎಂದರು.

ನನಗೆ ಬಿಚ್ಚುವ ಮನಸ್ಸಿರಲಿಲ್ಲ. ಬಲಮಗ್ಗುಲಿಗೆ ಒಂದಿಷ್ಟು ಪುಟ್ಟಿ ಮೆತ್ತಿ ಬಣ್ಣ ಬಳಿದರೆ ನೋಡುವವರಿಗೆ ತಿಳಿಯದು ಎಂದುಕೊಂಡೆ. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಹುಡುಗ ತಲೆಯೆತ್ತಿ ನೋಡಿದ. "ನಮಗೆ ಗೊತ್ತಿರುತ್ತಲ್ಲ ಮಾವ. ಬಿಚ್ಚೋಣ" ಎಂದ.

ಗಣಿತದಲ್ಲಿ ಎಡವಿದನೆಂದು ನಾವೆಲ್ಲ ಮರುಕಪಡುತ್ತಿದ್ದ ಹುಡುಗ ಆಡಿದ ಮಾತದು. ಮೂರು ಸಂಜೆ ಕುಳಿತು, ಒದ್ದೆಬಟ್ಟೆಯಿಂದ ಅಂಟನ್ನು ಮೆತ್ತಗಾಗಿಸಿ, ತೆಳು ಬ್ಲೇಡಿನಿಂದ ಹನ್ನೆರಡು ಪಟ್ಟಿಗಳನ್ನೂ ಬಿಡಿಸಿದೆವು. ಐದು ಮುರಿದವು, ಏಳು ಉಳಿದವು. ಬೆನ್ನೆಲುಬನ್ನು ಹೊಸದಾಗಿ ಕೊಯ್ದು, ಈ ಸಲ ಎಡಕ್ಕೊಂದು ಬಲಕ್ಕೊಂದರಂತೆ, ಅವಸರವಿಲ್ಲದೆ ಹೊದಿಸಿದೆವು. ಅಂದಿನಿಂದ ಅಳತೆ ನೋಡುವ ಕೆಲಸ ಅವನದಾಯಿತು. ಅವನು ಒಪ್ಪದೆ ನಾನು ಅಂಟು ಮುಟ್ಟುತ್ತಿರಲಿಲ್ಲ.

ತಾಮ್ರದ ಪೊರೆ, ಜೇನಿನ ಮೇಣ

ಬಿಸಿ ಸಮುದ್ರಗಳಲ್ಲಿ ಮರವನ್ನು ಕೊರೆದು ತಿನ್ನುವ ಹುಳುಗಳಿರುತ್ತವೆ. ಅವುಗಳಿಂದ ಕಾಪಾಡಲೆಂದು ಅಂದಿನ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡುಗಳನ್ನು ಮೀನಿನ ಪೊರೆಯಂತೆ ಜಡಿಯುತ್ತಿದ್ದರು. ಒಂದೊಂದು ತಗಡು ಸುಮಾರು ನಾಲ್ಕು ಅಡಿ ಉದ್ದ. ನಮ್ಮ ಪ್ರಮಾಣದಲ್ಲಿ ಅದು ಅರ್ಧ ಅಂಗುಲ. ತೆಳುವಾದ ತಾಮ್ರದ ಹಾಳೆಯನ್ನು ಕತ್ತರಿಸಿ ಅಂಟಿಸುವುದರಲ್ಲಿಯೇ ಮಳೆಗಾಲ ಕಳೆಯಿತು. ಹೊರಗೆ ಮಾತ್ರ ಮಳೆ ಬರಲಿಲ್ಲ.

ಕೂವೆಮರಗಳು ಮೂರು: ಮುಂದಿನದು, ನಡುವಿನ ದೊಡ್ಡದು, ಹಿಂದಿನದು. ಒಂದೊಂದು ಕೂವೆಯೂ ಒಂದರ ಮೇಲೊಂದು ನಿಲ್ಲುವ ಮೂರು ತುಂಡುಗಳಿಂದ ಆದದ್ದು. ಅಷ್ಟುದ್ದದ ಒಂದೇ ಮರ ಎಲ್ಲಿಯೂ ಸಿಗದಲ್ಲ! ಬಿದಿರನ್ನು ಸೀಳಿ, ತುದಿಗೆ ಹೋದಂತೆ ಸಣ್ಣಗಾಗುವಂತೆ ಉಜ್ಜಿ ಅವುಗಳನ್ನು ಮಾಡಿದೆವು.

ಹಗ್ಗಗಳದ್ದೇ ಒಂದು ಶಾಸ್ತ್ರ. ಕೂವೆಯನ್ನು ಅಲುಗಾಡದಂತೆ ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದುದರಿಂದ ಅವು ಕಪ್ಪು. ಹಾಯಿಯನ್ನು ಏರಿಸಲು, ಇಳಿಸಲು, ತಿರುಗಿಸಲು ಎಳೆಯುವ ಹಗ್ಗಗಳು ನಾರಿನ ಬಣ್ಣದವು. ನಾವಿಕರು ಮೇಲೇರಲು ಕಟ್ಟಿದ ಹಗ್ಗದ ಮೆಟ್ಟಿಲುಗಳು ನಮ್ಮ ಮಾದರಿಯಲ್ಲಿ ನಾಲ್ಕು ಮಿಲಿಮೀಟರಿಗೆ ಒಂದರಂತೆ ಬರಬೇಕು, ಪ್ರತಿಯೊಂದಕ್ಕೂ ಗಂಟು. ಹತ್ತಿಯ ದಾರದಲ್ಲಿ ಜುಂಗು ಏಳುತ್ತದೆ. ದಾರಕ್ಕೆ ಮೇಣ ತೀಡಿದರೆ ಅದು ಅಡಗುತ್ತದೆ.

ಆ ಮೇಣ ತೀಡುವ ಕೆಲಸವನ್ನು ಕೈಗೆತ್ತಿಕೊಂಡವರು ಅಮ್ಮ. ಜೇನಿನಿಂದಲೇ ಹೆಸರು ಪಡೆದ ಊರು ನಮ್ಮದು. ಪರಿಚಯದ ರೈತರೊಬ್ಬರು ಕೊಟ್ಟ ಜೇನುಮೇಣದ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅವರು ಮಾರುದ್ದದ ದಾರಗಳನ್ನು ಎಳೆದೆಳೆದು ಕೊಡುತ್ತಿದ್ದರು. ಯುದ್ಧದ ಹಡಗು ಬೇಡವೆಂದವರು ಅದರ ಹಗ್ಗಗಳನ್ನು ಸಿದ್ಧಗೊಳಿಸುತ್ತಿದ್ದರು. ಆದರೆ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ.

ದೇವಾಲಯದಲ್ಲಿ ತೂಗುವ ಹಡಗುಗಳು

ಹಡಗು ನಮ್ಮ ಧರ್ಮಸಭೆಗೆ ಹೊರಗಿನ ವಸ್ತುವೇನೂ ಅಲ್ಲ. ದೇವಾಲಯದಲ್ಲಿ ಭಕ್ತಜನರು ಸೇರುವ ನಡುಭಾಗಕ್ಕೆ ಇಂಗ್ಲಿಷಿನಲ್ಲಿ 'ನೇವ್' ಎನ್ನುತ್ತಾರೆ. ಲ್ಯಾಟಿನಿನ 'ನಾವಿಸ್', ಅಂದರೆ ಹಡಗು, ಎಂಬುದರಿಂದ ಬಂದದ್ದು. ನಮ್ಮ 'ನಾವೆ', 'ನೌಕೆ' ಎಂಬ ಶಬ್ದಗಳೂ ಅದರ ಬಂಧುಗಳೇ. ಫ್ರಾನ್ಸಿನ ಮಾರ್ಸೇಲ್ಸ್ ನಗರದ ಗುಡ್ಡದ ಮೇಲಿರುವ ಮಾತೆ ಮರಿಯಮ್ಮನವರ ಮಹಾದೇವಾಲಯದಲ್ಲಿ ಹಡಗಿನ ಮಾದರಿಗಳು ಚಾವಣಿಯಿಂದ ತೂಗುತ್ತವೆ. ಬಿರುಗಾಳಿಯಿಂದ ಪಾರಾಗಿ ಬಂದವರು ಕೃತಜ್ಞತೆಯಿಂದ ಒಪ್ಪಿಸಿದ ಹರಕೆಗಳವು. ಕೆನಡಾದ ಮಾಂಟ್ರಿಯಲ್ ನಗರದ ನಾವಿಕರ ದೇವಾಲಯದಲ್ಲಿಯೂ ಇಂಥವು ಇವೆ. ದೂರವೇಕೆ? ಬಿರುಗಾಳಿಗೆ ಸಿಕ್ಕಿ ಬದುಕುಳಿದ ಪೋರ್ಚುಗೀಸ್ ನಾವಿಕರು ವೇಳಾಂಗಣಿಯಲ್ಲಿ ಮಾತೆಗೆ ಗುಡಿ ಕಟ್ಟಿದರೆಂಬ ಪರಂಪರೆಯನ್ನು ಅಲ್ಲಿಗೆ ಯಾತ್ರೆ ಹೋಗಿಬಂದ ನಮ್ಮ ಮನೆಗಳ ಹಿರಿಯರೆಲ್ಲ ಬಲ್ಲರು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ತಲೆದೂಗಿದರು. "ಅವು ಬದುಕಿ ಬಂದವರ ಹಡಗು ಕಣಪ್ಪ. ನಿಂದು ಕೊಲ್ಲೋಕೆ ಹೋದ ಹಡಗಲ್ವಾ?" ಎಂದರು.

ಮುಚ್ಚಿದ ಕಿಂಡಿಗಳು

ಆಗ ಟ್ರಿಂಕೋಮಲಿಯ ಮುಂದಿನ ಬಾಳನ್ನು ಕುರಿತು ಅವರಿಗೆ ಹೇಳಿದೆ. ಆ ಹಡಗು ಇಂಗ್ಲೆಂಡನ್ನು ಮುಟ್ಟುವ ಹೊತ್ತಿಗೆ ಯಾವ ಯುದ್ಧಗಳಿಗಾಗಿ ಅದನ್ನು ಬಯಸಿದ್ದರೋ ಅವು ಮುಗಿದುಹೋಗಿದ್ದವು. 1840ರ ದಶಕದವರೆಗೆ ಅದು ಬಂದರಿನಲ್ಲಿ ಸುಮ್ಮನೆ ನಿಂತಿತ್ತು. ಆಮೇಲೆ ದೂರದ ಸಮುದ್ರಗಳಲ್ಲಿ ಕಾವಲು ತಿರುಗಿತು; ಆದರೆ ಯಾವ ಮಹಾ ನೌಕಾಯುದ್ಧದಲ್ಲಿಯೂ ಅದು ಹೋರಾಡಲಿಲ್ಲ. ಅನಂತರ ನಾವಿಕರಿಗೆ ತರಬೇತಿ ನೀಡುವ ಹಡಗಾಯಿತು. 1897ರಲ್ಲಿ ಗುಜರಿಗೆ ಹೋಗಿದ್ದ ಅದನ್ನು ವೀಟ್ಲಿ ಕಾಬ್ ಎಂಬ ಸಹೃದಯರು ಕೊಂಡು, 'ಫೂದ್ರಾಯಾಂ' ಎಂಬ ಬೇರೆ ಹೆಸರಿಟ್ಟು, ಎಳೆಯರಿಗೆ ಕಡಲ ಪಾಠ ಹೇಳುವ ಶಾಲೆಯಾಗಿಸಿದರು. ಆ ಶಾಲೆ 1986ರವರೆಗೂ ನಡೆಯಿತು. ಬಳಿಕ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಹಡಗಿನ ಜೀರ್ಣೋದ್ಧಾರ ನಡೆದು 2001ರಲ್ಲಿ ಮುಗಿಯಿತು. ಹಳೆಯ ಹೆಸರೂ ಮರಳಿ ಬಂತು. ಇಂದು ಅಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೇಲುತ್ತಿದೆ. ಕೊಲ್ಲಲು ಕಟ್ಟಿದ ಹಡಗು ತನ್ನ ಆಯುಸ್ಸಿನ ಬಹುಪಾಲನ್ನು ಮಕ್ಕಳಿಗೂ ಯುವಕರಿಗೂ ಕಲಿಸುವುದರಲ್ಲಿ ಕಳೆಯಿತು.

ಅಮ್ಮ ಬಹಳ ಹೊತ್ತು ಹಡಗನ್ನೇ ನೋಡಿದರು. ಅದರ ಮಗ್ಗುಲಲ್ಲಿ ತೋಪಿನ ಕಿಂಡಿಗಳು ಸಾಲಾಗಿ ತೆರೆದಿದ್ದವು. "ಹಂಗಾದ್ರೆ ಆ ಬಾಗಿಲುಗಳನ್ನ ಮುಚ್ಚಿಬಿಡು. ಪಾಠ ಹೇಳೋ ಹಡಗಿಗೆ ಅವು ತೆರೆದಿರೋದ್ಯಾಕೆ?" ಎಂದರು.

ಕಿಂಡಿಗಳನ್ನು ಮುಚ್ಚಿದೆವು. ಅಳತೆಗೆ ಇದರಿಂದ ಯಾವ ಭಂಗವೂ ಬರಲಿಲ್ಲ. ಕಿಂಡಿಯೂ ಅದರ ಬಾಗಿಲೂ ನಕ್ಷೆಯಲ್ಲಿದ್ದಂತೆಯೇ ಇವೆ. ಅಂಗುಲದುದ್ದದ ತೋಪುಗಳನ್ನು ಕೊರೆಯುವ ಕೆಲಸ ಉಳಿಯಿತೆಂದು ಹುಡುಗ ಹಿಗ್ಗಿದ. ಯುದ್ಧನೌಕೆ ಯುದ್ಧನೌಕೆಯೇ, ಅದನ್ನು ನಾವು ಮರೆಮಾಚಲಿಲ್ಲ. ನೋಡಲು ಬಂದವರು ಕೇಳಿದರೆ ಬಾಗಿಲ ಹಿಂದೆ ಏನಿರುತ್ತಿತ್ತೆಂದು ಹೇಳುತ್ತೇವೆ, ಅದು ಯಾಕೆ ಮುಚ್ಚಿದೆಯೆಂದೂ ಹೇಳುತ್ತೇವೆ.

ಕೈಯಿಂದ ಕೈಗೆ

ಇತ್ತೀಚೆಗೆ ನಮ್ಮ ನೌಕಾಪಡೆಯೇ ಇಂಥದೊಂದು ಕೆಲಸವನ್ನು ನಿಜವಾದ ಗಾತ್ರದಲ್ಲಿ ಮಾಡಿ ತೋರಿಸಿತು. ಅಜಂತಾದ ಗುಹಾಚಿತ್ರವೊಂದರಲ್ಲಿ ಕಾಣುವ ಐದನೆಯ ಶತಮಾನದ ಹಡಗಿನ ಆಧಾರದ ಮೇಲೆ, ಹಲಗೆಗಳನ್ನು ಮೊಳೆಯಿಂದ ಜಡಿಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, 'ಕೌಂಡಿನ್ಯ' ಎಂಬ ಹಾಯಿಹಡಗನ್ನು ಗೋವೆಯಲ್ಲಿ ಕಟ್ಟಲಾಯಿತು. ಅದಕ್ಕೆ ನಕ್ಷೆಯೇ ಇರಲಿಲ್ಲ. ಕೇರಳದ ಕುಶಲಕರ್ಮಿಗಳು ಹೊಲಿದರು. ಮದರಾಸಿನ ಐಐಟಿಯಲ್ಲಿ ಅದರ ಮಾದರಿಯನ್ನು ಪರೀಕ್ಷಿಸಲಾಯಿತು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ಅದು ನೌಕಾಪಡೆಯನ್ನು ಸೇರಿತು. ಅದರ ಹಾಯಿಯ ಮೇಲೆ ಕನ್ನಡನಾಡಿಗೆ ಚಿರಪರಿಚಿತವಾದ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಒಮಾನಿನ ಮಸ್ಕತ್ತನ್ನು ಮುಟ್ಟಿತು.

ನಕ್ಷೆ ಸುಟ್ಟರೆ ಇನ್ನೊಂದು ಬರೆಸಬಹುದು. ನಕ್ಷೆಯೇ ಇಲ್ಲದಿದ್ದರೂ ಕೈಗಳಲ್ಲಿ ವಿದ್ಯೆ ಉಳಿದಿದ್ದರೆ ಹಡಗು ಹುಟ್ಟುತ್ತದೆ. ಮುಂಬಯಿಯ ಹಡಗುಕಟ್ಟೆಯಲ್ಲಿ ತೇಗವನ್ನು ಕೊಯ್ದ, ಹಲಗೆಯನ್ನು ಬಾಗಿಸಿದ ಬಡಗಿಗಳ ಹೆಸರು ನಮ್ಮ ನೆನಪಿನಲ್ಲಿಲ್ಲ. ಅವರ ಕೆಲಸದಲ್ಲಿ ಎರಡು ಮಗ್ಗುಲೂ ಸಮವಾಗಿದ್ದುದರಿಂದಲೇ ಇನ್ನೂರು ವರ್ಷಗಳ ಮೇಲೂ ಆ ಹಡಗು ನೆಟ್ಟಗೆ ನಿಂತಿದೆ.

ನಮ್ಮ ಓದುಗರ ಮನೆಗಳಲ್ಲಿ ಯಾರಿಗಾದರೂ ಇಂಥ ಕೆಲಸದಲ್ಲಿ ಮನಸ್ಸಿದ್ದರೆ ದೊಡ್ಡ ಹಡಗಿನಿಂದ ಆರಂಭಿಸಬೇಡಿ. ಒಂದೇ ಕೂವೆಯ ದೋಣಿ ಸಾಕು. ಒಂದು ಚಿಕ್ಕ ಗರಗಸ, ಬ್ಲೇಡು, ಮೂಲೆಮಟ್ಟ, ಉಪ್ಪುಕಾಗದ, ಮರದ ಅಂಟು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಇಷ್ಟಿದ್ದರೆ ಸಾಕು. ಬೀದಿಯ ಬಡಗಿಯ ಸ್ನೇಹ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೊಬ್ಬ ಮಗುವನ್ನು ಕೂರಿಸಿಕೊಳ್ಳಿ. ಅಳತೆಯ ಕೆಲಸವನ್ನು ಅದಕ್ಕೇ ಬಿಡಿ.

ಆಗಮನ ಕಾಲ ಬಂದಾಗ ಮೇಜು ಗೋದಲಿಗೆ ಬೇಕಾಯಿತು. ಅರ್ಧ ಕಟ್ಟಿದ ಹಡಗು ಬೀರುವಿನ ಮೇಲೇರಿತು. ತಪಸ್ಸುಕಾಲದ ಕೊನೆಯ ವಾರ ಕಡೆಯ ಗಂಟು ಬಿತ್ತು. ಹುಡುಗ ಈಗ ತನ್ನ ಊರಿಗೆ ಮರಳಿದ್ದಾನೆ. ಗಣಿತದಲ್ಲಿ ಅವನಿಗೆ ಬಂದ ಅಂಕ ಹೆಚ್ಚೇನೂ ಅಲ್ಲ, ಪಾಸಾದ. ಹೊರಡುವ ಮುನ್ನ ಮೂತಿಯಿಂದ ಹಿಂಬದಿಗೆ ಮತ್ತೊಮ್ಮೆ ದಾರ ಹಿಡಿದು ನೋಡಿದ. "ನೆಟ್ಟಗಿದೆ ಮಾವ" ಎಂದು ಹೇಳಿ, ದಾರವನ್ನು ಸುತ್ತಿ ಅಜ್ಜಿಯ ಕೈಗೆ ಕೊಟ್ಟ.